ಉಪ್ಪಿನ ಆಗರದ ಕೆಸರಲ್ಲಿ ಆ್ಯಂಟಿಬಯೋಟಿಕ್ ಹುಡುಕಾಟ

ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದಲೇ. ಆದರೆ ಈಗ ತೋಟದ ಮಣ್ಣು ಕೆದಕಿದರೆ ಹೆಚ್ಚಾಗಿ ಈಗಾಗಲೇ ಗೊತ್ತಿರುವ ಹಳೆಯ ಔಷಧಿಗಳೇ ಸಿಗುತ್ತವೆ. ಅದಕ್ಕೇ ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರ ಆರಿಸಿಕೊಂಡೆ. ಮಳೆಗಾಲದಲ್ಲಿ ಉಪ್ಪು ಕರಗಿ ಹೋಗಿರುತ್ತದೆ, ಹೋಗುವುದಾದರೆ ಬೇಸಿಗೆಯಲ್ಲೇ ಹೋಗಬೇಕು. ಆಗರದವರನ್ನು ಕೇಳಿಕೊಂಡು, ಮೇಲಿನ ಉಪ್ಪು ಸರಿಸಿ ಅಡಿಯ ಕೆಸರು ತಂದೆ.

ಲ್ಯಾಬಿನಲ್ಲಿ ಅದನ್ನು ಒಣಗಿಸಿ 55–60 ಡಿಗ್ರಿ ಓವನ್ನಿನಲ್ಲಿ ಇಡಬೇಕು. ಬೇಗ ಬೆಳೆಯುವ ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತವೆ, ನಮಗೆ ಬೇಕಾದ, ಬೂಸ್ಟಿನ ಹಾಗೆ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳಾದ ಆ್ಯಕ್ಟಿನೊಮೈಸೀಟ್‌ಗಳ ಬೀಜಕ ಉಳಿಯುತ್ತವೆ. ಆಮೇಲೆ ಅವನ್ನು ಬೆಳೆಸಲು ಪ್ಲೇಟಿನಲ್ಲಿ ಸ್ಟಾರ್ಚ್ ಕೇಸಿನ್ ಅಗಾರ್ ಎಂಬ ಜೆಲ್ಲಿಯಂಥ ಆಹಾರ, ಅದಕ್ಕೆ ಒಂದಿಷ್ಟು ಉಪ್ಪು, ಬೂಸ್ಟು ಬಾರದಂತೆ ನಿಸ್ಟಾಟಿನ್. ಎರಡು ಮೂರು ವಾರ ಕಾಯಬೇಕು. ಮೂರನೇ ದಿನವೇ ಏನೂ ಇಲ್ಲ ಅಂತ ಪ್ಲೇಟ್ ಬಿಸಾಡುವವರು ಈ ಕೆಲಸಕ್ಕೆ ಬರಬಾರದು.

ಬಂದ ಕಾಲನಿ ಮೇಲೆ ಚಾಕ್‌ಪೀಸ್ ಪುಡಿ ಉದುರಿಸಿದ ಹಾಗಿತ್ತು. ಲೂಪಿನಿಂದ (ತುದಿಯಲ್ಲಿ ಬಳೆಯಿರುವ ತಂತಿ) ಎತ್ತಲು ಹೋದರೆ ಬರುವುದಿಲ್ಲ, ಅಗಾರಿನೊಳಗೇ ಬೇರು ಬಿಟ್ಟಿರುತ್ತದೆ. ಮುಚ್ಚಳ ತೆಗೆದರೆ ಮೊದಲ ಮಳೆಯ ವಾಸನೆ. ಎರಡರಲ್ಲೂ ಇರುವುದು ಜಿಯೋಸ್ಮಿನ್ ಎಂಬ ಒಂದೇ ವಾಸನೆಯ ವಸ್ತು.

ಪ್ಲೇಟಿನ ನಡುವೆ ಅದನ್ನು ಗೆರೆಯಾಗಿ ಬೆಳೆಸಿ, ಅದು ಯಾವುದನ್ನು ತಡೆಯುತ್ತದೆ ನೋಡಲು ಅಡ್ಡಕ್ಕೆ ಸ್ಟ್ಯಾಫಿಲೊಕಾಕಸ್ ಮತ್ತು ಇ. ಕೋಲಿ ಎಂಬ ಎರಡು ಬ್ಯಾಕ್ಟೀರಿಯಾ ಎಳೆದೆ. ಸ್ಟ್ಯಾಫಿಲೊಕಾಕಸ್ ಗೆರೆ ಅರ್ಧದಲ್ಲೇ ನಿಂತಿತು. ಇ. ಕೋಲಿ ಕ್ಯಾರೇ ಅನ್ನದೆ ಹತ್ತಿರದವರೆಗೂ ಬೆಳೆಯಿತು. ಈ ಪರೀಕ್ಷೆಗೆ ಉಪ್ಪು ಕಮ್ಮಿ ಇರಲಿ. ಜಾಸ್ತಿಯಾದರೆ ಇ. ಕೋಲಿ ಉಪ್ಪಿಗೇ ಸೊರಗುತ್ತದೆ, ನಾವು ಆ್ಯಂಟಿಬಯೋಟಿಕ್ ಸಿಕ್ಕಿತು ಅಂತ ಸುಮ್ನೆ ಕುಣಿದಾಡುತ್ತೇವೆ. ಹೋಲಿಸಿ ನೋಡಲು ನಡುಗೆರೆ ಇಲ್ಲದ ಒಂದು ಪ್ಲೇಟ್ ಪಕ್ಕದಲ್ಲಿ ಬೇಕೇ ಬೇಕು.

ಇಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ತೆಗೆದ ಸಾರ ಕಿತ್ತಳೆ ಬಣ್ಣಕ್ಕಿತ್ತು. ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ಮಿನಲ್ಲಿ 1255ರ ಹತ್ತಿರ ಪೀಕ್. ಆ್ಯಕ್ಟಿನೊಮೈಸಿನ್ ಡಿ! ಕ್ಯಾನ್ಸರ್ ಔಷಧಿ ನಿಜ, ಆದರೆ ಆ್ಯಕ್ಟಿನೊಮೈಸಿನ್ 1940ರಿಂದಲೇ ಗೊತ್ತು.

ಜಾಗ ವಿಚಿತ್ರವಾಗಿದ್ದ ಮಾತ್ರಕ್ಕೆ ಅಲ್ಲಿನ ಬ್ಯಾಕ್ಟೀರಿಯಾವೂ ವಿಚಿತ್ರ ಆಗಬೇಕಿಲ್ಲ ಅಲ್ವಾ? ಗಾಳಿಯಲ್ಲಿ ಬಂದು ಬಿದ್ದ ಬೀಜಕಗಳು ಉಪ್ಪಿನಲ್ಲಿ ಸುಮ್ಮನೆ ಮಲಗಿರಬಹುದು. ಆದರೆ ಸ್ಯಾಲಿನೊಸ್ಪೊರಮೈಡ್ ಎ ಎಂಬ ಕ್ಯಾನ್ಸರ್ ವಿರೋಧಿ ವಸ್ತು ಕೊಟ್ಟ ಸ್ಯಾಲಿನಿಸ್ಪೊರಾ ನಿಜಕ್ಕೂ ಸಮುದ್ರದ್ದೇ ಬ್ಯಾಕ್ಟೀರಿಯಾ, ಮೀಡಿಯಕ್ಕೆ ಸಮುದ್ರದ ನೀರು ಹಾಕಿಯೇ ಅದನ್ನು ಬೆಳೆಸುತ್ತಾರೆ. ಹಾಗಾಗಿ ಈಗ ನಾನು ಪ್ರತಿ ಕಾಲನಿಯನ್ನೂ ಮೊದಲು ಉಪ್ಪಿರುವ, ಉಪ್ಪಿಲ್ಲದ ಎರಡು ಪ್ಲೇಟಿಗೆ ಹಾಕಿ ನೋಡುತ್ತೇನೆ. ಉಪ್ಪಿಲ್ಲದೆ ಬೆಳೆಯದವುಗಳ ಸಾರ ಮೊದಲು ತೆಗೆಯುವುದು, ಉಳಿದವು ಫ್ರೀಜರಿಗೆ.