ಎತ್ತರದ ಕಪಾಟನ್ನು ಅಲುಗಾಡದಂತೆ ನಿಲ್ಲಿಸುವುದು ಹೇಗೆ?

ಪುಸ್ತಕದ ಕಪಾಟು ಅಲುಗಾಡತೊಡಗಿದರೆ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಕಾಲಿನಡಿಗೆ ಮಡಿಸಿದ ರಟ್ಟು ತುರುಕುವುದು. ನಾಲ್ಕು ದಿನದಲ್ಲಿ ಭಾರಕ್ಕೆ ರಟ್ಟು ಜಜ್ಜಿಹೋಗಿ ಅಲುಗಾಟ ಮರಳುತ್ತದೆ. ದೋಷ ನೆಲದ್ದೋ ಚೌಕಟ್ಟಿನದ್ದೋ ಎಂದು ನೋಡದೆ ಕೈಹಾಕುವುದೇ ಇದಕ್ಕೆ ಕಾರಣ.

ಆದ್ದರಿಂದ ಮೊದಲು ಪರೀಕ್ಷಿಸಿ. ಮೇಲ್ತುದಿಗೆ ಅಂಗೈಯಿಟ್ಟು ಎಡಬಲಕ್ಕೆ ಮೆಲ್ಲಗೆ ತಳ್ಳುತ್ತಾ ಕಾಲುಗಳನ್ನು ಗಮನಿಸಿ. ಒಂದು ಕಾಲು ನೆಲ ಬಿಟ್ಟು ಏಳುತ್ತಿದ್ದರೆ ನೆಲ ಅಥವಾ ಕಾಲು ಸಮವಿಲ್ಲವೆಂದು ಅರ್ಥ. ಗಟ್ಟಿ ಮರದ ಬೆಣೆಯೊಂದು ಸಾಕು. ಕಾಲುಗಳು ಕದಲದೆ ಚೌಕಟ್ಟೇ ಓರೆಯಾಗುತ್ತಿದ್ದರೆ ಬೆಣೆಯಿಂದ ಪ್ರಯೋಜನವಿಲ್ಲ. ನಾನು ಕಂಡ ಕಪಾಟುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು.

ಎಲ್ಲರೂ ಎಡವುವುದು ಇಲ್ಲಿಯೇ. ನಾಲ್ಕು ಬದಿಗಳ ಚೌಕಟ್ಟು, ಯಾವ ಬದಿಯ ಉದ್ದವೂ ಬದಲಾಗದೆ, ಮೂಲೆಗಳಲ್ಲಿ ಮಣಿದು ಓರೆಯಾಗಬಲ್ಲದು. ತ್ರಿಕೋನವಾದರೋ ಬದಿ ಮುರಿಯದೆ, ಕೀಲು ಕಳಚದೆ ಆಕಾರ ಬಿಡುವುದಿಲ್ಲ. ಸ್ಕ್ರೂಗಳನ್ನು ಮತ್ತೆ ಮತ್ತೆ ಬಿಗಿಯುವುದರಿಂದ ಈ ಕೊರತೆ ನೀಗುವುದಿಲ್ಲ, ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯಾದರೆ ತೂತು ಇನ್ನಷ್ಟು ಸಡಿಲವಾಗುತ್ತದೆ. ಬೆನ್ನಿನ ತೆಳು ಪ್ಲೈವುಡ್ ಹಾಳೆ ಧೂಳು ತಡೆಯಲಿಕ್ಕೆಂದು ಭಾವಿಸಿ ಅದನ್ನು ತೆಗೆದುಹಾಕುವವರಿದ್ದಾರೆ. ವಾಸ್ತವದಲ್ಲಿ ಚೌಕಟ್ಟನ್ನು ಓರೆಯಾಗದಂತೆ ಹಿಡಿದಿಡುವುದೇ ಅದು.

ಕಪಾಟನ್ನು ಖಾಲಿ ಮಾಡಿ, ಮುಖ ಕೆಳಗಾಗಿ ಮಲಗಿಸಿ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಒಂದು ಉದ್ದವಾಗಿದ್ದರೆ ಅದರ ಎರಡು ತುದಿಯ ಮೂಲೆಗಳನ್ನು ಒಳಮುಖವಾಗಿ ಒತ್ತುತ್ತಾ, ಎರಡೂ ಅಳತೆ ಸಮನಾಗುವವರೆಗೆ ಸರಿಪಡಿಸಿ. ಇಬ್ಬರಿದ್ದರೆ ಈ ಕೆಲಸ ಸುಲಭ. ಈಗ ಹಾಳೆಯನ್ನಿಟ್ಟು ನಾಲ್ಕು ಮೂಲೆಗೆ ಮಾತ್ರ ಮೊಳೆ ಅರ್ಧ ಹೊಡೆದು, ಕರ್ಣಗಳನ್ನು ಇನ್ನೊಮ್ಮೆ ಅಳೆಯಿರಿ. ಸುತ್ತಿಗೆಯ ಪೆಟ್ಟಿಗೆ ಚೌಕಟ್ಟು ಸರಿದಿರುವುದು ಸಾಮಾನ್ಯ. ಅಳತೆ ಕೂಡಿದ ಮೇಲೆ ಸುತ್ತಲೂ 10ರಿಂದ 15 ಸೆಂ.ಮೀ.ಗೊಂದು ಮೊಳೆ ಹೊಡೆಯಿರಿ. ಮೂಲೆಗಳಿಗೆ ಮಾತ್ರ ಹೊಡೆದು ಮುಗಿಸಿದರೆ ಹಾಳೆ ಉಬ್ಬುತ್ತದೆ. ಬೆನ್ನು ತೆರೆದಿರಬೇಕೆನ್ನುವವರು ಓರೆಯಾಗಿ ಮರದ ಪಟ್ಟಿಯೊಂದನ್ನು ಬಿಗಿಯಬಹುದು. ತೆಳು ಕಬ್ಬಿಣದ ಪಟ್ಟಿಯಾದರೆ ಎರಡನ್ನು ಕತ್ತರಿಯಾಕಾರದಲ್ಲಿ ಹಾಕಬೇಕು, ಏಕೆಂದರೆ ಅದು ಎಳೆತವನ್ನು ತಡೆಯುತ್ತದೆಯೇ ಹೊರತು ಒತ್ತಡಕ್ಕೆ ಬಾಗಿಬಿಡುತ್ತದೆ.

ಎತ್ತಿ ನಿಲ್ಲಿಸಿದ ಮೇಲೆ ಮುಂಗಾಲುಗಳಡಿ 3 ಮಿ.ಮೀ. ಬೆಣೆ ಕೊಡಿ. 180 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳದ ಕಪಾಟು ಅಷ್ಟರಿಂದಲೇ ಮೇಲ್ತುದಿಯಲ್ಲಿ ಸುಮಾರು 18 ಮಿ.ಮೀ. ಗೋಡೆಯತ್ತ ವಾಲುತ್ತದೆ.

ಭಾರದ ಪುಸ್ತಕಗಳು ಕೆಳಗಿರಲಿ. ಭಾರ ಸಮನಾಗಿ ಹರಡಿದ್ದಾಗ ಇಂಥ ಕಪಾಟು ಸುಮಾರು 9 ಡಿಗ್ರಿ ಮುಂದಕ್ಕೆ ಬಾಗಿದರೆ ಅದರ ಗುರುತ್ವ ಕೇಂದ್ರ ಮುಂಗಾಲಿನ ಗೆರೆ ದಾಟುತ್ತದೆ, ಆಮೇಲೆ ಅದು ಹಿಂದಿರುಗದು. ಗುರುತ್ವ ಕೇಂದ್ರವನ್ನು 60 ಸೆಂ.ಮೀ.ಗೆ ಇಳಿಸಿದರೆ 14 ಡಿಗ್ರಿಯವರೆಗೆ ತಡೆಯುತ್ತದೆ.

ಇಷ್ಟಾದರೂ ಗೋಡೆಗೆ ಬಿಗಿಯದೆ ಬಿಡಬೇಡಿ. ಒಟ್ಟು 60 ಕಿಲೋ ತೂಗುವ ಈ ಕಪಾಟು ಮುಂದಕ್ಕೆ ಏಳಲು ಮೇಲ್ತುದಿಯಲ್ಲಿ 5 ಕಿಲೋ ಭಾರದಷ್ಟು ಎಳೆತ ಸಾಕು. ಹತ್ತಲು ಹೋದ ಮಗುವಿನ ತೂಕ ಅದಕ್ಕಿಂತ ಹೆಚ್ಚು. ಎಲ್ ಆಕಾರದ ಎರಡು ಪಟ್ಟಿಗಳನ್ನು ಮೇಲ್ಭಾಗದಲ್ಲಿ ಹಾಕಿ. ಅಂಟಿನ ಪಟ್ಟಿಗಳನ್ನು ನಂಬಬೇಡಿ, ಅವು ಸುಣ್ಣಬಣ್ಣದ ಪದರವನ್ನೇ ಕಿತ್ತುಕೊಂಡು ಬರುತ್ತವೆ. ಸ್ಕ್ರೂ ಗಿಲಾವಿನಲ್ಲೇ ನಿಲ್ಲದೆ ಇಟ್ಟಿಗೆಯೊಳಗೆ ಇಳಿದಿರಬೇಕು. ಕೊರೆಯುವಾಗ ಬರುವ ಪುಡಿ ಬೂದು ಬಣ್ಣದಿಂದ ಕೆಂಪಿಗೆ ತಿರುಗಿದರೆ ಇಟ್ಟಿಗೆ ಸಿಕ್ಕಿತೆಂದು ತಿಳಿಯಿರಿ. ಅಲ್ಲಿಂದ ಮುಂದೆಯೂ ಪ್ಲಗ್ಗಿನ (ಸ್ಕ್ರೂ ಬಿಗಿಯಾಗಿ ಕೂರಲೆಂದು ತೂತಿನೊಳಗೆ ತುರುಕುವ ಕೊಳವೆ) ಪೂರ್ಣ ಉದ್ದದಷ್ಟು ಕೊರೆಯಿರಿ.