ಫ್ಯಾನ್ ವೈರಿನ ಸ್ಪೀಕರ್: ಕಾರವಾರದ ಗಾಳಿಯಲ್ಲಿ ನನ್ನ ಅನುಭವ

"ಫ್ಯಾನ್ ವೈರಿನಲ್ಲಿ ಹಾಡು ಬರ್ತದಾ ಮಾರಾಯ?" ಅಂತ ಶಿರಸಿಯ ಗೆಳೆಯ ಫೋನಿನಲ್ಲೇ ನಕ್ಕಿದ್ದ. ಇದು ಮೂರನೇ ಮಳೆಗಾಲ. ಬರ್ತಾ ಇದೆ. ಜೂನ್‌ನಿಂದ ಈಚೆಗೆ ಒಂದು ಸ್ಕ್ರೂ ಸಹ ಬಿಚ್ಚಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕೋಡಿಬಾಗದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ, ಪರಿಚಯದವರೊಬ್ಬರ ಮನೆಯಲ್ಲಿ ಹಳೆಯ ಕ್ವಾಡ್ ಇಎಸ್‌ಎಲ್-63 ಎಂಬ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಕೇಳಿದ ದಿನ. 1981ರ ಮಾಲು. ಹಾಡುವವರು ಎದುರು ಕೂತಂತಿತ್ತು, ಡಬ್ಬದ ದನಿ ಎಂಬುದೇ ಇಲ್ಲ. ಊರಿಗೆ ಬಂದವನೇ ಎಲೆಕ್ಟ್ರೋಸ್ಟ್ಯಾಟಿಕ್ ಮಾಡಲು ಕೂತೆ. ಎರಡು ತೂತಿನ ತಗಡಿನ ನಡುವೆ ತೆಳು ಹಾಳೆ, ಹೈ ವೋಲ್ಟೇಜಿನ ಸೆಳೆತಕ್ಕೆ ಅದು ಅಲುಗಿ ದನಿ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತುವುದು ನನ್ನ ಅನ್ನದ ಕೆಲಸ, ಇನ್ನೇನು ಬೇಕು ಎಂಬ ಜಂಬ.

6 ಮೈಕ್ರಾನ್ ಮೈಲಾರ್ ಪ್ಲಾಸ್ಟಿಕ್ ಹಾಳೆ, ಹುಬ್ಬಳ್ಳಿಯಿಂದ ತೂತಿನ ತಗಡು, ಎರಡೂ ಬದಿ 2 ಮಿ.ಮೀ. ಸಂದಿ, ಡಯೋಡ್-ಕೆಪಾಸಿಟರ್ ಏಣಿಯಿಂದ ಸುಮಾರು 3,000 ವೋಲ್ಟ್ ಬಯಾಸ್, ಅಂದರೆ ಹಾಳೆಗೆ ಸದಾ ಕೊಡುವ ವೋಲ್ಟೇಜ್. ಆಂಪ್ಲಿಫೈಯರಿನ ವೋಲ್ಟೇಜ್ ಏರಿಸುವ 1:75ರ ಟ್ರಾನ್ಸ್‌ಫಾರ್ಮರನ್ನು ಮೊದಲ ಸಲ ಮಾಮೂಲಿಯಂತೆ ಪದರದ ಮೇಲೆ ಪದರ ಸುತ್ತಿದೆ. ತಾಳದ ಕಿಣಿಕಿಣಿ ಕಂಬಳಿ ಹೊದ್ದು ಕೇಳಿದ ಹಾಗೆ ಬಂತು. ಬಿಚ್ಚಿ, ಸೆಕೆಂಡರಿಯನ್ನು, ಅಂದರೆ ಹೊರಹೋಗುವ ಬದಿಯ ಸುರುಳಿಯನ್ನು, ಹೋಳು ಹೋಳು ಮಾಡಿ ಮತ್ತೆ ಸುತ್ತಿದೆ. ಈ ಸಲ ಮೇಲಿನ ಸ್ವರ ಬಂತು, ಆಂಪ್ಲಿಫೈಯರ್ ಹೋಯಿತು. ಪ್ಯಾನೆಲ್ ಎಂದರೆ ಒಂದು ದೊಡ್ಡ ಕೆಪಾಸಿಟರ್ ತಾನೆ, ಸ್ವರ ಏರಿದಷ್ಟೂ ಓಮ್ ಇಳಿಯುತ್ತದೆ. ತುದಿಯಲ್ಲಿ ಒಂದೂವರೆ ಓಮ್ ಕಂಡ ನನ್ನ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಎರಡೂ ಒಟ್ಟಿಗೇ ಸತ್ತವು. ರಿಪೇರಿಗೆ ನಾಲ್ಕೂವರೆ ಸಾವಿರ.

ಆದರೂ ಜನವರಿಯಿಂದ ಏಪ್ರಿಲ್ ತನಕ ಸ್ವರ್ಗ. ಭಾಗವತರ ಪದ್ಯ ಹಾಕಿದರೆ ಉಸಿರೆಳೆದದ್ದೂ ಕೇಳುತ್ತಿತ್ತು. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ.

ಮಳೆ ಬಿದ್ದ ವಾರದಲ್ಲೇ ಎಡಗಡೆ ದನಿ ಕುಗ್ಗಿತು. ಆಮೇಲೆ ಚಿಟಿಚಿಟಿ. ಕತ್ತಲಲ್ಲಿ ನೋಡಿದರೆ ಚೌಕಟ್ಟಿನ ಅಂಚಿನಲ್ಲಿ ನೀಲಿ ಮಿಣುಕು. ಅಂಗಡಿಯ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ತಂದು 1,000 ವೋಲ್ಟಿನಲ್ಲಿ ಹಿಡಿದೆ. ಡಿಸೆಂಬರಿನಲ್ಲಿ ಇನ್ಫಿನಿಟಿ ತೋರಿಸಿದ್ದ ಮುಳ್ಳು ಮೂವತ್ತು-ನಲವತ್ತು ಮೆಗಾಓಮ್‌ಗೆ ಬಂದು ನಿಂತಿತ್ತು. ಬಯಾಸಿನ ಸಾಲಿನಲ್ಲಿ ನಾನೇ ಹಾಕಿದ್ದು 20 ಮೆಗಾಓಮ್ ರೆಸಿಸ್ಟರ್. ಬಯಾಸ್ ಎಲ್ಲಿ ಉಳಿಯಬೇಕು? ಉಪ್ಪು ಕೂತು, ಅದರ ಮೇಲೆ ತೇವ ಕೂತು, ಸಂದಿಯ ಪಟ್ಟಿಯೇ ತಂತಿಯಾಗಿತ್ತು. ಸ್ಪಿರಿಟ್ ಹಚ್ಚಿ ಒರೆಸಿದರೆ ನಾಲ್ಕು ದಿನ ಸರಿ. ಕಪಾಟಿನ ಬಟ್ಟೆಗೆ ಬಲ್ಬ್ ಇಡುವಂತೆ ಪ್ಯಾನೆಲಿನ ಹಿಂದೆ 40 ವಾಟಿನ ಬಲ್ಬ್ ಇಟ್ಟೆ. ಅದು ನಿಜಕ್ಕೂ ಕೆಲಸ ಮಾಡಿತು, ಕರೆಂಟು ಇದ್ದಷ್ಟು ಹೊತ್ತು. ಆಷಾಢದಲ್ಲಿ ಕರೆಂಟಿನ ಭರವಸೆ ಯಾರಿಗೆ? ಕೊನೆಗೊಂದು ರಾತ್ರಿ ಮರಿ ಹಲ್ಲಿ ಸಂದಿಯಿಂದ ಒಳಹೊಕ್ಕಿತು. ಟಪ್ ಅಂತು. ಹಲ್ಲಿಯೂ ಹೋಯಿತು, ಹಾಳೆಗೆ ಕಡಲೆಕಾಳಿನಷ್ಟು ತೂತೂ ಬಿತ್ತು. ಅಮ್ಮ ದೇವರಿಗೆ ದೀಪ ಹಚ್ಚಿದಳು. ಹೆಂಡತಿ ಏನೂ ಹೇಳಲಿಲ್ಲ, ಅದೇ ಕಷ್ಟ. ಎರಡು ವರ್ಷದಲ್ಲಿ ಎಲ್ಲ ಸೇರಿ ಮೂವತ್ತೆಂಟು ಸಾವಿರ ಹೋಗಿರಬೇಕು.

"ಸಮುದ್ರದ ಬದಿಗೆ ಮೂರು ಸಾವಿರ ವೋಲ್ಟ್ ಇಡುವವನಿಗೆ ಏನು ಹೇಳಬೇಕು" ಎಂದಿದ್ದ ಶಿರಸಿಯವ. ಆ ಮಾತು ಅವನದು ಸರಿಯಿತ್ತು. ಆದರೆ ಪ್ಲೇನರ್ ಮಾಡ್ತೇನೆ ಎಂದಾಗಲೂ ನಕ್ಕನಲ್ಲ, ಅಲ್ಲಿ ತಪ್ಪಿದ.

ಪ್ಲೇನರ್ ಎಂದರೆ ಮ್ಯಾಗ್ನೆಟ್ ಸಾಲುಗಳ ಎದುರು ತೆಳು ಹಾಳೆ, ಅದಕ್ಕೆ ಅಂಟಿಸಿದ ಪಟ್ಟಿ ಅಥವಾ ವೈರಿನಲ್ಲಿ ಹಾಡಿನ ಕರೆಂಟು ಹರಿದು ಹಾಳೆ ಅಲುಗುತ್ತದೆ. ಅದಕ್ಕೆ ಹೈ ವೋಲ್ಟೇಜ್ ಇಲ್ಲ, ಹೊಡೆಯುವ ಭಯವಿಲ್ಲ. ಹಾಗಂತ ಕಾರವಾರದ ಗಾಳಿ ಅದನ್ನೂ ಬಿಡಲಿಲ್ಲ. ಮೊದಲ ಪ್ಯಾನೆಲಿಗೆ ಎಲ್ಲರಂತೆ ಅಲ್ಯುಮಿನಿಯಂ ಫಾಯಿಲ್ ಪಟ್ಟಿ ಅಂಟಿಸಿದೆ. ಐದು ತಿಂಗಳಲ್ಲಿ ಅಂಚಿಗೆಲ್ಲ ಬಿಳಿ ಪುಡಿ, ಎರಡು ಕಡೆ ಕತ್ತರಿಸಿಯೇ ಹೋಗಿತ್ತು. ಟ್ವೀಟರ್ (ಮೇಲಿನ ಸ್ವರದ) ಪಟ್ಟಿಗೆ ನಿಯೋಡಿಮಿಯಂ ಮ್ಯಾಗ್ನೆಟ್ ತರಿಸಿದ್ದೆ. ಮೇಲಿನ ನಿಕ್ಕಲ್ ಲೇಪ ಚೂರು ಎದ್ದ ಕಡೆ ತುಕ್ಕು ಒಳಗೆ ಇಳಿದು, ಮ್ಯಾಗ್ನೆಟ್ ಬಿಸ್ಕತ್ತಿನಂತೆ ಉದುರಿತು. ಎರಡೂವರೆ ಸಾವಿರ ನೀರಿಗೆ.

ಆಗ ಒಂದು ಮಧ್ಯಾಹ್ನ ಸುಟ್ಟ ಸೀಲಿಂಗ್ ಫ್ಯಾನ್ ಬಿಚ್ಚುತ್ತ ಕೂತಿದ್ದೆ. ಅಗ್ಗದ ಫ್ಯಾನು, ಒಳಗೆ ತಾಮ್ರವಲ್ಲ, ಅಲ್ಯುಮಿನಿಯಂ ವೈರು. 36 ಗೇಜ್, ಮೇಲೆ ಎನಾಮಲ್. ಗಿರಾಕಿಗೆ ಬೈಯುತ್ತ ಬಿಸಾಡುವ ಮಾಲು ಅದು. ಕೈಯಲ್ಲಿ ಹಿಡಿದು ಹಾಗೇ ಕೂತೆ. ತಾಮ್ರಕ್ಕಿಂತ ಮೂರು ಪಟ್ಟಿಗೂ ಹಗುರ, ಉಪ್ಪು ಗಾಳಿಗೆ ಮೈ ಮುಚ್ಚಿಕೊಂಡೇ ಬಂದಿದೆ. ಮ್ಯಾಗ್ನೆಪ್ಯಾನ್‌ ಎಂಬ ಅಮೆರಿಕದ ಸ್ಪೀಕರ್ ಕಂಪನಿಯವರೂ ಹಾಳೆಗೆ ವೈರು ಅಂಟಿಸಿಯೇ ಹೆಸರು ಮಾಡಿದವರು, 1969ರಿಂದ. ನನಗೆ ಮಾತ್ರ ಇದು ತಡವಾಗಿ ಹೊಳೆಯಿತು.

ಲೆಕ್ಕ ಹೀಗೆ: ಒಂದು ಪ್ಯಾನೆಲಿನಲ್ಲಿ ಉದ್ದುದ್ದಕ್ಕೆ 15 ಸಾಲು ಮ್ಯಾಗ್ನೆಟ್, ನಡುವೆ 14 ಸಂದಿ. ನಾಲ್ಕು ವೈರು ಜೊತೆಯಾಗಿ ಒಂದು ಸಂದಿಯಲ್ಲಿ ಮೇಲೆ, ಮುಂದಿನದರಲ್ಲಿ ಕೆಳಗೆ. ನಾಲ್ಕು ಅಡಿ ಎತ್ತರಕ್ಕೆ ಒಂದೊಂದು ವೈರೂ ಹದಿನೇಳು ಮೀಟರಿನಷ್ಟು, ಹದಿನಾರು ಓಮ್. ನಾಲ್ಕನ್ನೂ ಪ್ಯಾರಲಲ್ ಮಾಡಿದರೆ ನಾಲ್ಕು. ಮೀಟರಿನಲ್ಲಿ ಒಂದು 4.1, ಇನ್ನೊಂದು 3.9 ಬಂತು. ಕೈಯಲ್ಲಿ ಅಂಟಿಸಿದ್ದಕ್ಕೆ ಇಷ್ಟು ಹತ್ತಿರ ಬಂದರೆ ಬೆನ್ನು ತಟ್ಟಿಕೊಳ್ಳಬಹುದು. ಈ ಓಮ್ ಎಲ್ಲ ಸ್ವರಕ್ಕೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಆಂಪ್ಲಿಫೈಯರ್ ನಿಶ್ಚಿಂತೆ.

ಮ್ಯಾಗ್ನೆಟ್ ಕಪ್ಪು ಫೆರೈಟ್ ತುಂಡು. ತುಕ್ಕು ಎಂಬುದೇ ಇಲ್ಲ. ಜೋಡಿಗೆ 720, ಒಡೆಯುವುದು ಸೇರಿಸಿ 760 ತರಿಸಿದೆ. ಹತ್ತು ಸಾವಿರದ ಆಚೀಚೆ. ಪಕ್ಕದ ಸಾಲು ಉಲ್ಟಾ ಧ್ರುವ ಇರಬೇಕಲ್ಲ, ಹಾಗಾಗಿ ತಗಡಿನ ಮೇಲಿಟ್ಟ ಕೂಡಲೇ ಹಾರಿ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತವೆ. ಎರಡು ಉಗುರು ಕಪ್ಪಾದವು. ಇದಕ್ಕೆ ಮದ್ದು ಸಿಕ್ಕಿದ್ದು ಶಿರಸಿಯಿಂದಲೇ. ಅವನ ತೋಟದ ಅಡಿಕೆ ದಬ್ಬೆಯನ್ನು 10 ಮಿ.ಮೀ.ಗೆ ಹೆರೆದು ಸಾಲುಗಳ ನಡುವೆ ಇಟ್ಟೆ, ಅಂಟು ಒಣಗಿದ ಮೇಲೆ ಎಳೆದು ತೆಗೆದೆ. ಆದರೂ ಬಲಗಡೆ ಪ್ಯಾನೆಲಿನ ದನಿ ತೆಳು. ದಾರಕ್ಕೆ ಮ್ಯಾಗ್ನೆಟ್ ಚೂರು ಕಟ್ಟಿ ಸಾಲಿನ ಮೇಲೆ ಆಡಿಸಿದರೆ, ಒಂಬತ್ತನೇ ಸಾಲು ಪೂರ್ತಿ ತಿರುಗಿ ಕೂತಿದೆ! ಉಳಿಯಿಂದ ಎಬ್ಬಿಸುವಾಗ ಒಡೆದವು ಹದಿನೆಂಟೋ ಇಪ್ಪತ್ತೋ.

ಚೌಕಟ್ಟಿಗೆ ಪ್ಲೈವುಡ್ ಬೇಡ. ನನ್ನದು ಮೊದಲ ಮಳೆಗೇ ಉಬ್ಬಿ, 12 ಮೈಕ್ರಾನ್ ಹಾಳೆ ಸಡಿಲಾಗಿ ಮ್ಯಾಗ್ನೆಟ್ಟಿಗೆ ತಾಗಿ ಗುರ್ರೆಂದಿತು. ಅಜ್ಜನ ಮನೆ ಕೆಡವಿದಾಗ ಉಳಿದಿದ್ದ ಹಲಸಿನ ಬಾಗಿಲ ದಾರಂದ ಕೊಯ್ಸಿದೆ. ನೂರು ಮಳೆ ಕಂಡ ಮರ, ಇನ್ನೇನು ಉಬ್ಬುತ್ತದೆ.

ಅಂಟು ಯಾವುದು ಎಂದು ಮಾತ್ರ ಕೇಳಬೇಡಿ. ಸೋತವು ಹೇಳುತ್ತೇನೆ. ಬಿಳಿ ಮರದಂಟು ತೇವ ಕುಡಿದು ಬಿಡುತ್ತದೆ. ಚಪ್ಪಲಿ ಅಂಟು ಏಪ್ರಿಲ್ ಸೆಖೆಗೆ ಜಾರುತ್ತದೆ. ದಿಢೀರ್ ಅಂಟು ಗಾಜಿನಂತೆ ಸಿಡಿಯುತ್ತದೆ. ಗೆದ್ದದ್ದು ವೈಂಡಿಂಗ್ ಅಂಗಡಿಯ ಕಪಾಟಿನಲ್ಲೇ ಇತ್ತು, ಇಷ್ಟು ಸಾಕು. ಅಲ್ಯುಮಿನಿಯಂ ತುದಿಗೆ ಬೆಸುಗೆ ಹಿಡಿಸುವುದೂ ಹಾಗೇ. ಈ ಕಸುಬಿನವರಿಗೆ ಗೊತ್ತು.

ಕೊರತೆ ಇದೆ. ಫೋನಿನ ಮೀಟರಿನಲ್ಲಿ ಹಳೆಯ ಪೆಟ್ಟಿಗೆ ಸ್ಪೀಕರಿಗಿಂತ ದನಿ ಏಳೆಂಟು ಡೆಸಿಬೆಲ್ ಕಡಿಮೆ, ವಾಟ್ ಸುರಿಯಬೇಕು. 150 ಹರ್ಟ್ಸ್‌ಗಿಂತ ಕೆಳಗೆ 12 ಇಂಚಿನ ವೂಫರೇ (ತಗ್ಗು ಸ್ವರದ ಸ್ಪೀಕರ್) ಗತಿ. ಹಿಂದಿನಿಂದಲೂ ಅಷ್ಟೇ ದನಿ ಹೊರಡುವ ಕಾರಣ ಗೋಡೆಯಿಂದ ಮೂರೂವರೆ ಅಡಿ ಮುಂದೆ ನಿಲ್ಲಿಸಬೇಕು. ಜಗಲಿಯ ಅರ್ಧ ಅದಕ್ಕೇ ಹೋಯಿತು. ಈಗ ಬುಡಕ್ಕೆ ಗಾಲಿ ಹಾಕಿದ್ದೇನೆ, ನೆಂಟರು ಬಂದರೆ ಗೋಡೆಗೆ ತಳ್ಳುತ್ತೇವೆ. ವೂಫರ್ ಬಿಟ್ಟು ಇಪ್ಪತ್ತೇಳು ಸಾವಿರದೊಳಗೆ ಮುಗಿಯಿತು, ಹಾಳಾದ ಫಾಯಿಲಿನ ಲೆಕ್ಕ ಇದರಲ್ಲಿಲ್ಲ.

ಹೋದ ಶ್ರಾವಣದಲ್ಲಿ ಅವನು ಶಿರಸಿಯಿಂದ ಇಳಿದು ಬಂದ, ಹೊರಗೆ ಧೋ ಮಳೆ. ಚಂಡೆ ಹಾಕಿದೆ. ಎಲೆಕ್ಟ್ರೋಸ್ಟ್ಯಾಟಿಕ್‌ನಲ್ಲಿ ಭಾಗವತರ ಕಂಠ ಒಂದು ಕೂದಲು ನಯ, ಅದು ನನಗೂ ಗೊತ್ತು. ಆದರೆ ಚಂಡೆಯ ಪೆಟ್ಟು ಇದರಲ್ಲಿ ಎದೆಗೆ ಬರುತ್ತದೆ. ಅವನು ಎದ್ದು ಪ್ಯಾನೆಲಿನ ಹಿಂದೆ ಹೋಗಿ ಬಗ್ಗಿ ನೋಡಿದ. ಕಿಸೆಯ ಕತ್ತರಿ ಮ್ಯಾಗ್ನೆಟ್ಟಿಗೆ ಟಕ್ಕನೆ ಅಂಟಿಕೊಂಡಿತು. ಅದನ್ನು ಬಿಡಿಸುತ್ತಲೇ, "ನಮ್ಮಲ್ಲೂ ಹಳೆ ಹಲಸಿನ ತೊಲೆ ಎರಡು ಬಿದ್ದಿವೆ" ಎಂದ.

ಆ ತೊಲೆ ಈಗ ನನ್ನ ಅಂಗಡಿಯ ಹಿಂದೆ ಒರಗಿವೆ. ದಬ್ಬೆಯನ್ನೂ ಅವನೇ ಹೆರೆದು ತಂದಿದ್ದಾನೆ. ಅಂಟು ಹಚ್ಚುವ ದಿನ ಮಾತ್ರ ಬರಬೇಡ ಎಂದಿದ್ದೇನೆ.