ಗಿಟಾರಿನಲ್ಲಿ ಸಿಂಹಳ ಬೈಲಾ: ಬಲಗೈಗೆ ಲಯ ಕೂರಿಸುವುದು ಹೇಗೆ

ಬೈಲಾ ಎಂದರೆ ಶ್ರೀಲಂಕೆಯ ಕುಣಿತದ ಹಾಡು; ಅದರದು ಆರು ಮಾತ್ರೆಯ ಲಯ. ಮೂರರ ಎರಡು ಗುಂಪು. ತಕಿಟ ತಕಿಟ ಎಂದರೆ ಎಣಿಕೆ ಮುಗಿಯಿತು. ಹಿಂದುಸ್ತಾನಿಯ ಆರು ಮಾತ್ರೆಯ ತಾಳವಾದ ದಾದ್ರಾ ರೂಢಿಯಿದ್ದವರು ಇಲ್ಲೇ ಎಡವುತ್ತಾರೆ: ಆರೂ ಮಾತ್ರೆಗೆ ಸಮನಾಗಿ ಬಾರಿಸಿ ಹಾಡನ್ನು ಜೋಕಾಲಿ ಮಾಡಿಬಿಡುತ್ತಾರೆ. ಕುಣಿತ ಬರಬೇಕಾದರೆ ಒಂದು ಮಾತ್ರೆಯನ್ನು ಬಿಡಲು ಕಲಿಯಬೇಕು.

ಮೊದಲು ತಂತಿ ಮುಟ್ಟದೆ ‘ತಂ – ಕ, ತಂ ಕಿ ಟ’ ಎಂದು ಹೇಳಿ. ಎರಡನೆಯ ಮಾತ್ರೆ ಖಾಲಿ. ಒಂದು ಮತ್ತು ನಾಲ್ಕಕ್ಕೆ ಕಾಲು ತಟ್ಟಿ. ಲಯ ಎಣಿಸುವ ಸಾಧನವಾದ ಮೆಟ್ರೊನೋಮನ್ನು ಈ ಕಾಲ್ತಟ್ಟಿಗೆ ಹೊಂದಿಸಿ ನಿಮಿಷಕ್ಕೆ 70ರಲ್ಲಿಡಿ.

ಈಗ ಡಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಹಿಡಿಯಿರಿ. ಒಂದಕ್ಕೆ ಹೆಬ್ಬೆರಳಿನಿಂದ ತೆರೆದ ನಾಲ್ಕನೇ ತಂತಿ, ಮೂರಕ್ಕೆ ತೆಳು ತಂತಿಗಳ ಮೇಲೆ ಹಗುರವಾದ ಮೇಲ್ಮೀಟು. ನಾಲ್ಕಕ್ಕೆ ತೆರೆದ ಐದನೇ ತಂತಿ, ಐದಕ್ಕೆ ಕೆಳಮೀಟು, ಆರಕ್ಕೆ ಮೇಲ್ಮೀಟು. ಜಿ ಮೇಜರ್‌ಗೆ ಮಂದ್ರ ಸ್ವರಗಳು ಆರನೇ ತಂತಿಯ 3ನೇ ಫ್ರೆಟ್, ಆಮೇಲೆ ತೆರೆದ ನಾಲ್ಕನೆಯದು. ಎ ಸೆವೆನ್‌ಗೆ ತೆರೆದ ಐದು, ಆಮೇಲೆ ತೆರೆದ ಆರು. ಡಿ, ಜಿ, ಎ ಸೆವೆನ್, ಮತ್ತೆ ಡಿ – ಒಂದೊಂದೂ ಎರಡು ಆವರ್ತ. ಅಭ್ಯಾಸಕ್ಕೆ ಇಷ್ಟು ಸಾಕು.

ಕಾರ್ಡ್ ಬದಲಿಸುವಾಗ ಆರನೆಯ ಮಾತ್ರೆಯ ಮೇಲ್ಮೀಟಿನಲ್ಲಿ ಎಡಗೈ ಸಡಿಲಿಸಿ. ತಂತಿ ‘ಟಕ್’ ಎಂದರೂ ಚಿಂತೆಯಿಲ್ಲ. ಮುಂದಿನ ಒಂದನೆಯ ಮಾತ್ರೆಯ ಮಂದ್ರ ಮಾತ್ರ ತಡವಾಗಕೂಡದು. ಮೂರನೆಯ ಮಾತ್ರೆಯ ಮೀಟು ಗಟ್ಟಿಯಾದರೆ ಲಯ ಕುಂಟುತ್ತದೆ. ಮೊಣಕೈ ಬಿಟ್ಟು ಮಣಿಕಟ್ಟಿನಿಂದ ಮೀಟಿದರೆ ಸರಿಹೋಗುತ್ತದೆ. ಹತ್ತು ನಿಮಿಷ ತಪ್ಪದೆ ಬಂದರೆ ಐದೈದರಂತೆ ವೇಗ ಏರಿಸಿ. 120 ಮುಟ್ಟುವಷ್ಟರಲ್ಲಿ ಖಾಲಿ ಮಾತ್ರೆ ಕರಗಿಹೋಗಿದ್ದರೆ ಹಿಂದಕ್ಕೆ ಬನ್ನಿ. ಅವಸರದ ಬೈಲಾ ಬರೀ ಗದ್ದಲ.

ಜೊತೆಗಾರರಿದ್ದರೆ ಒಬ್ಬರು ಒಂದು, ಮೂರು, ಐದಕ್ಕೆ ಚಪ್ಪಾಳೆ ತಟ್ಟಲಿ. ಕಾಲಿನ ಎರಡರ ಮೇಲೆ ಕೈಯ ಮೂರು ಕೂತಾಗ ಹುಟ್ಟುವ ಎಳೆದಾಟವೇ ಮಜಾ.

ಯಾವ ಹಾಡಿಗೆ ಇದನ್ನು ನುಡಿಸಬೇಕು ಎಂಬುದನ್ನೂ ನೋಡಬೇಕು. 1505ರಲ್ಲಿ ಶ್ರೀಲಂಕೆಗೆ ಕಾಲಿಟ್ಟ ಪೋರ್ಚುಗೀಸರ ಭಾಷೆಯಲ್ಲಿ ‘ಬೈಲಾರ್’ ಎಂದರೆ ಕುಣಿಯುವುದು. ಆಫ್ರಿಕನ್ ಮೂಲದ ಕಾಫಿರ್ ಸಮುದಾಯದ ಕಾಫ್ರಿಞ್ಞಾ ಲಯಕ್ಕೆ 1940ರ ದಶಕದಲ್ಲಿ ಸಿಂಹಳ ಸಾಹಿತ್ಯ ಕೂಡಿಸಿದವರು ಪೊಲೀಸ್ ಇಲಾಖೆಯಲ್ಲಿದ್ದ ವಾಲಿ ಬಾಸ್ಟಿಯನ್. ಅವರ ಬಗೆಯ ಹಾಡುಗಳಿಗೆ ಅಕೌಸ್ಟಿಕ್ ಗಿಟಾರ್ ಒಪ್ಪುತ್ತದೆ. 1960ರ ದಶಕದಲ್ಲಿ ಮೂನ್‌ಸ್ಟೋನ್ಸ್ ತಂಡದ ಮೂಲಕ ಸಿಂಹಳ ಹಾಡಿಗೆ ಎಲೆಕ್ಟ್ರಿಕ್ ಗಿಟಾರನ್ನು ಒಗ್ಗಿಸಿದ ಗಾಯಕ, ಸಂಯೋಜಕ ಕ್ಲಾರೆನ್ಸ್ ವಿಜೇವರ್ಧನರ ಹಾಡುಗಳನ್ನೆಲ್ಲ ಬೈಲಾ ಅನ್ನುವುದು ತಪ್ಪು. ಹಾಡು ಹಾಕಿ ಕಾಲು ತಟ್ಟಿ. ಪ್ರತಿ ತಟ್ಟಿನ ನಡುವೆ ‘ತಕಿಟ’ ಹೊಂದಿದರೆ ಈ ಮೀಟು ನಡೆಯುತ್ತದೆ. ‘ತಕಧಿಮಿ’ ಹೊಂದಿದರೆ ಅದಕ್ಕೆ ಬೇರೆ ಮೀಟು ಬೇಕು.